ಹಲ್ಲೂ ಉಂಟು, ಹುಲ್ಲೂ ಉಂಟು, ಆದರೂ ಉಪವಾಸ!

ಎತ್ತು ಕೊಳ್ಳಲು ಹೋದ ರೈತ ಮೊದಲು ಕೈಹಾಕುವುದು ಅದರ ಬಾಯಿಗೆ. ತುಟಿ ಸರಿಸಿ ನೋಡಿ, ‘ಇದು ಎರಡು ಹಲ್ಲಿನದು, ಅದು ನಾಲ್ಕು ಹಲ್ಲಿನದು, ಮತ್ತೊಂದು ಬಾಯಿಗೂಡಿದ್ದು’ ಎಂದು ವಯಸ್ಸನ್ನು ಲೆಕ್ಕ ಹಾಕಿದ ಮೇಲೆಯೇ ಬೆಲೆಯ ಮಾತು. ಪಂಚಲಿಂಗೇಶ್ವರ ದೇವಾಲಯಕ್ಕೆ ಹೆಸರಾದ ಸವದತ್ತಿ ತಾಲೂಕಿನ ಹೂಲಿಯಿರಲಿ, ಸುತ್ತಲಿನ ಎರಿಹೊಲದ ಯಾವ ಊರೇ ಇರಲಿ, ಈ ವಿದ್ಯೆಯನ್ನು ಶಾಲೆಯಲ್ಲಿ ಕಲಿಸಬೇಕಾಗಿಲ್ಲ. ಸುಮಾರು ಎರಡು ವರ್ಷಕ್ಕೆ ಮೊದಲ ಜೋಡಿ ಶಾಶ್ವತ ಹಲ್ಲು, ಆಮೇಲೆ ಒಂದೊಂದೇ ಜೋಡಿ, ನಾಲ್ಕೈದು ವರ್ಷಕ್ಕೆ ಕೆಳದವಡೆಯ ಮುಂದಿನ ಎಂಟೂ ಹಲ್ಲು ಬಂದು ಬಾಯಿಗೂಡುತ್ತದೆ. ಅಲ್ಲಿಂದ ಮುಂದೆ ಇರುವುದು ಸವೆತವೇ. ಹಲ್ಲು ಸವೆದ ಮುದಿ ಎತ್ತಿಗೆ ಜೋಳದ ಕಣಿಕೆಯನ್ನು ಸಣ್ಣಗೆ ಕತ್ತರಿಸಿ, ಹಿಂಡಿ ನೆನೆಸಿ ಇಡುವ ಮನೆಗಳು ಇಂದಿಗೂ ಇವೆ. ‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆ ಮನುಷ್ಯರಿಗೆ ಹೇಳಿದ್ದಾದರೂ ಎತ್ತಿಗೂ ಒಪ್ಪುತ್ತದೆ.

ಆದರೆ ಹಲ್ಲು ಹೆಚ್ಚಾಗಿ ಬೆಳೆದು ಹಸಿವೆಯಿಂದ ಸಾಯುವ ಪ್ರಾಣಿಯೂ ಒಂದಿದೆ ಎಂದರೆ ಈ ಗಾದೆಯೇ ತಲೆಕೆಳಗಾದಂತೆ! ಆ ಪ್ರಾಣಿಯೇ ಗಿನಿಪಿಗ್. ಒಂದು ಕಾಲಕ್ಕೆ ಪ್ರಯೋಗಶಾಲೆಯ ಪಂಜರದಲ್ಲಿ ಮಾತ್ರ ಕಾಣುತ್ತಿದ್ದ ಈ ಜೀವಿ ಈಗ ಸಾಕುಪ್ರಾಣಿಗಳ ಅಂಗಡಿಯ ಮೂಲಕ ಮಕ್ಕಳ ಕೈಸೇರಿದೆ. ಹಳ್ಳಿಯ ಮನೆಗೂ ಅದು ಬರಲು ಪಟ್ಟಣದ ನೆಂಟರ ಒಂದು ಉಡುಗೊರೆ ಸಾಕು. ಅಂಗಡಿಯವರು ಪಂಜರ ಕೊಡುತ್ತಾರೆ, ಕಾಳು ಕೊಡುತ್ತಾರೆ. ಹಲ್ಲಿನ ವಿಷಯ ಹೇಳುವವರು ಕಡಿಮೆ. ಗಿನಿಪಿಗ್ ಸಾಕುವವರು ಮೊದಲು ತಿಳಿಯಬೇಕಾದದ್ದೋ ಅದೇ.

ಹೆಸರೊಂದು, ಪ್ರಾಣಿ ಇನ್ನೊಂದು

ಗಿನಿಪಿಗ್ ಹಂದಿಯೂ ಅಲ್ಲ, ಆಫ್ರಿಕದ ಗಿನಿ ದೇಶದ್ದೂ ಅಲ್ಲ. ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಸೀಮೆ. ಪೆರು, ಬೊಲಿವಿಯಾ ಮುಂತಾದ ಕಡೆ ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಅದನ್ನು ಮಾಂಸಕ್ಕಾಗಿ ಸಾಕುತ್ತ ಬಂದಿದ್ದಾರೆ. ಸ್ಪೇನಿನವರು ಅಲ್ಲಿಗೆ ಹೋದ ಮೇಲೆ, 16ನೆಯ ಶತಮಾನದಲ್ಲಿ, ಅದು ಯೂರೋಪಿಗೆ ಬಂತು. ವಿಜ್ಞಾನಿಗಳು ಇಟ್ಟ ಹೆಸರು ಕೇವಿಯಾ ಪೋರ್ಸೆಲಸ್. ಇಲಿ, ಅಳಿಲುಗಳಂತೆ ಇದೂ ದಂಶಕ ವರ್ಗಕ್ಕೆ ಸೇರಿದ್ದು. ಬೆಳೆದ ಗಿನಿಪಿಗ್‌ನ ತೂಕ ಸಾಮಾನ್ಯವಾಗಿ 700 ರಿಂದ 1,200 ಗ್ರಾಂ, ಆಯುಷ್ಯ 5 ರಿಂದ 8 ವರ್ಷ. ಐದನೆಯ ಇಯತ್ತೆಯಲ್ಲಿ ತಂದ ಪ್ರಾಣಿ ಹತ್ತನೆಯ ಇಯತ್ತೆಯ ಪರೀಕ್ಷೆಯವರೆಗೂ ಮನೆಯಲ್ಲಿರಬಹುದು ಎಂಬುದನ್ನು ತಂದೆತಾಯಿಯರು ಮೊದಲೇ ನೆನಪಿಡಬೇಕು.

ಇದರ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ರೋಮವಿರುತ್ತದೆ, ಬಾಯಲ್ಲಿ ಹಲ್ಲೂ ಇರುತ್ತದೆ. ಹಾಲುಹಲ್ಲು ತಾಯಿಯ ಗರ್ಭದಲ್ಲಿಯೇ ಬಂದು ಹೋಗಿರುತ್ತದೆ! ಹುಟ್ಟಿದ ಒಂದೆರಡು ದಿನಕ್ಕೇ ಮರಿ ಹುಲ್ಲು ಕಡಿಯತೊಡಗುತ್ತದೆ. ಅಂದು ಶುರುವಾದ ಹಲ್ಲಿನ ಕೆಲಸ ಕೊನೆಯ ದಿನದವರೆಗೆ ನಿಲ್ಲುವಂತಿಲ್ಲ.

ಇಪ್ಪತ್ತು ಹಲ್ಲು, ಬಿಡುವಿಲ್ಲದ ಬೆಳವಣಿಗೆ

ಗಿನಿಪಿಗ್‌ಗೆ ಒಟ್ಟು 20 ಹಲ್ಲು. ಮುಂದೆ ಮೇಲೆರಡು, ಕೆಳಗೆರಡು ಬಾಚಿಹಲ್ಲು. ಕೋರೆಹಲ್ಲು ಇಲ್ಲ, ಆ ಜಾಗ ಖಾಲಿ. ಒಳಗೆ ಪ್ರತಿ ಬದಿಗೆ ಮೇಲೆ ನಾಲ್ಕು, ಕೆಳಗೆ ನಾಲ್ಕರಂತೆ 16 ದವಡೆ ಹಲ್ಲು. ಬಾಚಿಹಲ್ಲು ಕುಡಗೋಲಿನಂತೆ ಹುಲ್ಲನ್ನು ಕತ್ತರಿಸುತ್ತದೆ, ದವಡೆ ಹಲ್ಲು ಬೀಸುಕಲ್ಲಿನಂತೆ ಅದನ್ನು ನುರಿಸುತ್ತದೆ.

ಇಲಿಗೂ ಅಳಿಲಿಗೂ ಬಾಚಿಹಲ್ಲು ಜೀವಮಾನವೆಲ್ಲ ಬೆಳೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದಿರಬಹುದು. ಕಟ್ಟಿಗೆ, ಚೀಲ, ಪುಸ್ತಕ ಎನ್ನದೆ ಇಲಿ ಕಡಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಇಲಿಯ ದವಡೆ ಹಲ್ಲಿಗೆ ನಮ್ಮ ಹಲ್ಲಿನಂತೆ ಬೇರು ಕೂಡಿಕೊಳ್ಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಗಿನಿಪಿಗ್‌ನಲ್ಲಿ ಹಾಗಲ್ಲ. ಮುಂದಿನವು, ಹಿಂದಿನವು ಎಲ್ಲ ಸೇರಿ ಇಪ್ಪತ್ತು ಹಲ್ಲುಗಳ ಬುಡವೂ ತೆರೆದೇ ಇರುತ್ತದೆ. ಕೆಳಗಿನಿಂದ ಹೊಸ ಹಲ್ಲು ಮೇಲೇರುತ್ತಲೇ ಇರುತ್ತದೆ, ಉಗುರು ಬೆಳೆದ ಹಾಗೆ. ಮೊಲದ 28 ಹಲ್ಲುಗಳೂ ಇದೇ ಜಾತಿಯವು.

ಬೆಳವಣಿಗೆ ಎಷ್ಟು? ವಾರಕ್ಕೆ ಸುಮಾರು ಒಂದರಿಂದ ಎರಡು ಮಿಲಿಮೀಟರ್. ವರ್ಷಕ್ಕೆ 52 ವಾರ. ಸವೆಯದೇ ಹೋದರೆ ಒಂದು ವರ್ಷದಲ್ಲಿ ಹಲ್ಲು 5 ರಿಂದ 10 ಸೆಂಟಿಮೀಟರ್ ಉದ್ದವಾಗಬೇಕು. ಪ್ರಾಣಿಯ ಇಡೀ ತಲೆಯೂ ಅಷ್ಟು ದೊಡ್ಡದಿಲ್ಲ! ಹಾಗಾಗದಂತೆ ನೋಡಿಕೊಳ್ಳುವುದು ಹುಲ್ಲು. ಹುಲ್ಲಿನ ಎಲೆಯಲ್ಲಿ ಸಿಲಿಕ ಎಂಬ, ಮರಳಿನದೇ ಆದ ಪದಾರ್ಥದ ಸೂಕ್ಷ್ಮ ಕಣಗಳಿವೆ. ಹುಲ್ಲಿನ ಅಂಚು ಕೈಗೆ ತಾಗಿ ಗೀರುವುದನ್ನು ಎಲ್ಲರೂ ಬಲ್ಲರು. ಆ ಒರಟುತನ ಮತ್ತು ನಾರು ಹಲ್ಲನ್ನು ತೇಯುತ್ತವೆ. ಅದಕ್ಕಿಂತ ಮುಖ್ಯವಾದದ್ದು, ನಾರಿನ ಹುಲ್ಲನ್ನು ನುಂಗಲು ದಿನದಲ್ಲಿ ಗಂಟೆಗಟ್ಟಲೆ ಅಗಿಯಬೇಕು. ಕಾಳು, ಬಿಸ್ಕೀಟು, ಬ್ರೆಡ್ಡು ನಾಲ್ಕು ಸಲ ಅಗಿದರೆ ಮುಗಿಯಿತು. ಹೊಟ್ಟೆ ತುಂಬಿತು, ಆದರೆ ಹಲ್ಲಿಗೆ ಕೆಲಸ ಸಿಗಲಿಲ್ಲ. ಅಲ್ಲಿಂದ ತೊಂದರೆ ಮೊಳೆಯುತ್ತದೆ.

ನಾಲಿಗೆಯ ಮೇಲೊಂದು ಸೇತುವೆ

ಗಿನಿಪಿಗ್‌ನ ದವಡೆ ಹಲ್ಲುಗಳು ನೇರ ನಿಂತಿರುವುದಿಲ್ಲ. ಕೆಳಗಿನವು ನಾಲಿಗೆಯ ಕಡೆ ವಾಲಿವೆ, ಮೇಲಿನವು ಕೆನ್ನೆಯ ಕಡೆ. ಸವೆತ ಕಡಿಮೆಯಾದಾಗ ಕೆಳಗಿನ ಹಲ್ಲುಗಳು ಎರಡೂ ಬದಿಯಿಂದ ಒಳಕ್ಕೆ ಬಾಗಿ, ನಾಲಿಗೆಯ ಮೇಲೆ ಸೇತುವೆ ಕಟ್ಟಿದಂತೆ ಹತ್ತಿರ ಬರುತ್ತವೆ. ನಾಲಿಗೆ ಅದರಡಿ ಸಿಕ್ಕಿಕೊಳ್ಳುತ್ತದೆ. ಮೇಲಿನ ಹಲ್ಲಿನ ಚೂಪು ತುದಿ ಕೆನ್ನೆಯ ಒಳಗೆ ಗಾಯ ಮಾಡುತ್ತದೆ. ನಾಲಿಗೆ ಆಡದಿದ್ದರೆ ತುತ್ತು ಹಿಂದಕ್ಕೆ ಹೋಗುವುದಿಲ್ಲ. ಹಸಿವೆ ಇದೆ, ಮುಂದೆ ಮೇವಿದೆ, ಬಾಯಿಗೂ ತೆಗೆದುಕೊಳ್ಳುತ್ತದೆ, ಆದರೆ ನುಂಗಲಾಗದೆ ಬಿಟ್ಟುಬಿಡುತ್ತದೆ.

ಇದು ಹೊರಗಿನಿಂದ ಕಾಣುವುದಿಲ್ಲ. ಗಿನಿಪಿಗ್‌ನ ಬಾಯಿ ಅತಿ ಚಿಕ್ಕದು, ಕೆನ್ನೆಯ ಮಡಿಕೆಗಳು ಒಳಗನ್ನು ಮುಚ್ಚಿರುತ್ತವೆ. ತುಟಿ ಸರಿಸಿದರೆ ಕಾಣುವುದು ಮುಂದಿನ ನಾಲ್ಕು ಹಲ್ಲು ಮಾತ್ರ. ಅವು ಸರಿಯಾಗಿವೆ ಎಂದ ಮಾತ್ರಕ್ಕೆ ಒಳಗಿನವೂ ಸರಿ ಎನ್ನುವಂತಿಲ್ಲ. ಬಾಚಿಹಲ್ಲುಗಳ ಅಂಚು ಒಂದು ಕಡೆ ಓರೆಯಾಗಿ ಸವೆದಿದ್ದರೆ ಒಳಗಿನ ದವಡೆಯಲ್ಲಿ ಏನೋ ಕೆಟ್ಟಿದೆ ಎಂಬ ಸೂಚನೆ ಅಷ್ಟೆ. ಎತ್ತಿನ ಬಾಯಿ ಓದಿದ ಹಾಗೆ ಇದರ ಬಾಯಿ ಓದಲು ಬರುವುದಿಲ್ಲ.

ಇದರ ಜೊತೆಗೆ ಪ್ರಾಣಿಯ ಸ್ವಭಾವವೂ ಸೇರುತ್ತದೆ. ಹದ್ದು, ನರಿಗಳಿಗೆ ಆಹಾರವಾಗುವ ಸಣ್ಣ ಪ್ರಾಣಿ ನೋವನ್ನು ತೋರಿಸಿಕೊಂಡರೆ ಮೊದಲು ಅದೇ ಬಲಿ. ಆದ್ದರಿಂದ ನೋವನ್ನು ಮುಚ್ಚಿಡುವುದು ಅದರ ರಕ್ತದಲ್ಲಿಯೇ ಬಂದಿದೆ. ನಾಯಿಯಂತೆ ಕುಂಯ್‌ಗುಡುವುದಿಲ್ಲ. ಬಟ್ಟಲಿನ ಮುಂದೆ ಕುಳಿತು ತಿನ್ನುವಂತೆಯೇ ಕಾಣುತ್ತದೆ. ಮನೆಯವರಿಗೆ ಗೊತ್ತಾಗುವಾಗ ಎಷ್ಟೋ ಸಲ ವಾರಗಳೇ ಕಳೆದಿರುತ್ತವೆ.

ತಕ್ಕಡಿ ಸುಳ್ಳು ಹೇಳುವುದಿಲ್ಲ

ಮುಚ್ಚಿಟ್ಟ ನೋವನ್ನು ಬಯಲಿಗೆ ತರುವ ಸಾಧನ ಅಡುಗೆಮನೆಯಲ್ಲಿಯೇ ಇದೆ. ಗ್ರಾಂ ಲೆಕ್ಕ ತೋರಿಸುವ ಸಣ್ಣ ತೂಕದ ಯಂತ್ರ. ವಾರಕ್ಕೊಮ್ಮೆ, ಒಂದೇ ವಾರ, ಒಂದೇ ಹೊತ್ತಿಗೆ ಗಿನಿಪಿಗ್ ಅನ್ನು ಬುಟ್ಟಿಯಲ್ಲಿ ಕೂರಿಸಿ ತೂಗಬೇಕು. ಬುಟ್ಟಿಯ ತೂಕ ಕಳೆದು ಪುಸ್ತಕದಲ್ಲಿ ಬರೆಯಬೇಕು. ಈ ಕೆಲಸ ಮಕ್ಕಳದೇ ಆಗಲಿ. ಆಲೇಖ ಹಾಳೆಯ ಮೇಲೆ ಅಡ್ಡಕ್ಕೆ ವಾರ, ಉದ್ದಕ್ಕೆ ಗ್ರಾಂ ಗುರುತಿಸಿ ಗೆರೆ ಎಳೆದರೆ ಗಣಿತದ ಪಾಠವೂ ಆಯಿತು, ಪ್ರಾಣಿಯ ಕಾವಲೂ ಆಯಿತು.

ಉದಾಹರಣೆಗೆ, 900 ಗ್ರಾಂ ಇದ್ದ ಪ್ರಾಣಿ ಮುಂದಿನ ವಾರಗಳಲ್ಲಿ 880, 850, 810 ಎಂದು ಇಳಿಯಿತೆನ್ನಿ. ಒಂದೊಂದು ವಾರದ ಇಳಿತ ನೋಡಿದರೆ ಸಣ್ಣದು, ಕೈಯಲ್ಲಿ ಎತ್ತಿದರೂ ತಿಳಿಯುವುದಿಲ್ಲ. ಗೆರೆ ಮಾತ್ರ ಕೆಳಮುಖವಾಗಿರುತ್ತದೆ. ಮೂರು ವಾರಗಳಲ್ಲಿ 90 ಗ್ರಾಂ, ಅಂದರೆ ನೂರಕ್ಕೆ ಹತ್ತು ಪಾಲು ದೇಹವೇ ಕರಗಿದೆ. 50 ಕಿಲೋ ತೂಕದ ಮನುಷ್ಯ ಮೂರು ವಾರದಲ್ಲಿ 5 ಕಿಲೋ ಇಳಿದರೆ ಮನೆಯವರು ಸುಮ್ಮನಿರುತ್ತಾರೆಯೆ? ನೂರಕ್ಕೆ ಹತ್ತು ಇಳಿಯುವವರೆಗೆ ಕಾಯಬಾರದು. ಎರಡು ವಾರ ಸತತವಾಗಿ ತೂಕ ಇಳಿದರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ತೂಕದ ಜೊತೆ ಗಮನಿಸಬೇಕಾದ ಇತರ ಚಿಹ್ನೆಗಳು ಹೀಗಿವೆ: ಗಜ್ಜರಿಯಂಥ ಗಟ್ಟಿ ಪದಾರ್ಥ ಬಿಟ್ಟು ಮೆತ್ತಗಿನದನ್ನಷ್ಟೇ ಆರಿಸಿ ತಿನ್ನುವುದು, ಬಾಯಿಗೆ ಹಾಕಿಕೊಂಡ ತುಣುಕು ಹೊರಗೆ ಬೀಳುವುದು, ಗದ್ದ ಜೊಲ್ಲಿನಿಂದ ಒದ್ದೆಯಾಗುವುದು, ಕಣ್ಣಲ್ಲಿ ನೀರು, ಹಿಕ್ಕೆ ಸಣ್ಣದಾಗುವುದು, ಕಡಿಮೆಯಾಗುವುದು. ದವಡೆಯ ಕೆಳಗೆ ಬೆರಳಾಡಿಸಿದರೆ ಗಂಟು ಸಿಕ್ಕರೆ ಹಲ್ಲಿನ ಬುಡದಲ್ಲಿ ಕೀವು ಕಟ್ಟಿರಬಹುದು. ದಿನವಿಡೀ ಏನನ್ನೂ ತಿನ್ನದಿದ್ದರಂತೂ ಅದು ತುರ್ತು ಪ್ರಸಂಗ. ಹುಲ್ಲು ತಿನ್ನುವ ಇಂಥ ಪ್ರಾಣಿಯ ಕರುಳು ಸದಾ ಚಲಿಸುತ್ತಿರಬೇಕು. ಮೇವು ಬರುವುದು ನಿಂತರೆ ಕರುಳು ನಿಲ್ಲುತ್ತದೆ, ವಾಯು ತುಂಬುತ್ತದೆ. ‘ನಾಳೆ ನೋಡೋಣ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಒಂದು ಹೋಳು ಪೇರಲ

ಗಿನಿಪಿಗ್‌ನ ಹಲ್ಲಿಗೆ ಹುಲ್ಲಿನಷ್ಟೇ ಬೇಕಾದ ಇನ್ನೊಂದು ವಸ್ತು ಸಿ ಜೀವಸತ್ವ. ಎತ್ತು, ಆಡು, ಮೊಲ, ಇಲಿ ಇವೆಲ್ಲ ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿ ಇಲ್ಲ, ಕೋತಿಗಿಲ್ಲ, ಗಿನಿಪಿಗ್‌ಗೂ ಇಲ್ಲ. ಅದನ್ನು ತಯಾರಿಸುವ ಕೊನೆಯ ಕಿಣ್ವವೊಂದು ಈ ಪ್ರಾಣಿಗಳಲ್ಲಿ ಕೆಲಸ ಮಾಡುವುದಿಲ್ಲ.

ಈ ಹೋಲಿಕೆ ಬೆಳಕಿಗೆ ಬಂದದ್ದು ಸ್ವಾರಸ್ಯದ ಸಂಗತಿ. ನಾರ್ವೆ ದೇಶದ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ಇಬ್ಬರು ವೈದ್ಯರು ಹಡಗಿನ ನಾವಿಕರಿಗೆ ಬರುತ್ತಿದ್ದ ಬೆರಿಬೆರಿ ರೋಗದ ಜಾಡು ಹಿಡಿದು, ಗಿನಿಪಿಗ್‌ಗಳಿಗೆ ಬರೀ ಧಾನ್ಯ ಮತ್ತು ಬ್ರೆಡ್ಡು ತಿನ್ನಿಸಿ ನೋಡಿದರು. ಬೆರಿಬೆರಿ ಬರಲಿಲ್ಲ. ಬಂದದ್ದು ಸ್ಕರ್ವಿ! ವಸಡಿನಲ್ಲಿ ರಕ್ತ, ಸಡಿಲವಾದ ಹಲ್ಲು, ಕೀಲುನೋವು. ಹಸಿ ತರಕಾರಿ ಕೊಟ್ಟಾಗ ರೋಗ ದೂರವಾಯಿತು. 1907ರಲ್ಲಿ ಅವರು ಇದನ್ನು ಪ್ರಕಟಿಸಿದರು. ಸ್ಕರ್ವಿಯನ್ನು ತಡೆಯುವ ವಸ್ತು ಯಾವುದೆಂದು ಹುಡುಕಲು ಜಗತ್ತಿಗೆ ಒಂದು ಪ್ರಾಣಿ ಸಿಕ್ಕಿತು. ಮುಂದೆ 1932ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ತಾನು ಹಿಂದೆ ಬೇರ್ಪಡಿಸಿದ್ದ ಆಮ್ಲವೇ ಸಿ ಜೀವಸತ್ವ ಎಂದು ತೋರಿಸಿಕೊಟ್ಟಾಗಲೂ ಪರೀಕ್ಷೆಗೆ ಒಳಗಾದದ್ದು ಗಿನಿಪಿಗ್. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಇದಕ್ಕೂ ಹಲ್ಲಿಗೂ ಏನು ಸಂಬಂಧ? ಹಲ್ಲನ್ನು ದವಡೆಯ ಎಲುಬಿಗೆ ಬಿಗಿದಿರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಕೊಲಾಜೆನ್ ಗಟ್ಟಿಯಾಗಿ ಹೆಣೆದುಕೊಳ್ಳಲು ಸಿ ಜೀವಸತ್ವ ಬೇಕು. ಅದು ಇಲ್ಲದಿದ್ದರೆ ಎಳೆ ಸಡಿಲವಾಗುತ್ತದೆ, ಹಲ್ಲು ಅಲುಗುತ್ತದೆ, ವಾಲುತ್ತದೆ. ವಾಲಿದ ಹಲ್ಲು ಎದುರಿನ ಹಲ್ಲಿಗೆ ಸರಿಯಾಗಿ ತಾಗದೆ ಸವೆಯದೆ ಬೆಳೆಯುತ್ತದೆ. 1907ರಲ್ಲಿ ಪ್ರಯೋಗಕ್ಕೆಂದು ಕೊಟ್ಟ ಬರೀ ಧಾನ್ಯದ ಊಟವನ್ನೇ ಇಂದು ಪ್ರೀತಿಯಿಂದ ಬಟ್ಟಲು ತುಂಬ ಹಾಕುವ ಮನೆಗಳಿವೆ ಎಂಬುದು ವಿಪರ್ಯಾಸ.

ಒಂದು ಕಿಲೋ ತೂಕದ ಗಿನಿಪಿಗ್‌ಗೆ ದಿನಕ್ಕೆ 10 ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಬೇಕಾಗುತ್ತದೆ. ಕಾಯಿಲೆ ಬಿದ್ದದ್ದಕ್ಕೆ, ಗಬ್ಬದ ಹೆಣ್ಣಿಗೆ ಹೆಚ್ಚು. 100 ಗ್ರಾಂ ಪೇರಲ ಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇರುತ್ತದೆ. ಅಂದರೆ 10 ಗ್ರಾಂನ ಒಂದು ತೆಳುಹೋಳಿನಲ್ಲಿ 20 ಮಿಲಿಗ್ರಾಂ ಸಿಕ್ಕಿತು. ಸಿಹಿ ಇರುವುದರಿಂದ ಅದಕ್ಕಿಂತ ಹೆಚ್ಚು ಹಣ್ಣು ಬೇಡ. ಹಣ್ಣಿಲ್ಲದ ದಿನ ದೊಣ್ಣೆ ಮೆಣಸಿನಕಾಯಿಯ ಹೋಳು, ಕೊತ್ತಂಬರಿ ಸೊಪ್ಪು ಆಗುತ್ತದೆ. ಜೀವಸತ್ವದ ಹನಿಯನ್ನು ಕುಡಿಯುವ ನೀರಿಗೆ ಬೆರೆಸುವುದು ವ್ಯರ್ಥ. ಬೆಳಕು, ಗಾಳಿಗೆ ಅದು ಬೇಗ ನಾಶವಾಗುತ್ತದೆ, ರುಚಿ ಬದಲಾಗಿ ಪ್ರಾಣಿ ನೀರು ಕುಡಿಯುವುದನ್ನೂ ಬಿಡಬಹುದು. ಮೊಲದ ಆಹಾರದ ಪೊಟ್ಟಣ ತಂದು ಹಾಕುವುದೂ ಸರಿಯಲ್ಲ. ಮೊಲಕ್ಕೆ ಸಿ ಜೀವಸತ್ವ ಹೊರಗಿನಿಂದ ಬೇಕಿಲ್ಲವಾದ್ದರಿಂದ ಅದರಲ್ಲಿ ಸೇರಿಸಿರುವುದಿಲ್ಲ.

ಯಾವ ಹುಲ್ಲು, ಯಾವ ಸೊಪ್ಪು?

ಊಟದ ಬಹುಪಾಲು ಹುಲ್ಲೇ ಇರಬೇಕು, ಹಗಲೂ ರಾತ್ರಿಯೂ ಎದುರಿಗಿರಬೇಕು. ಹೂಲಿಯಂಥ ಊರಿನಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಬದುವಿನ ಕರಿಕೆ ಗಿನಿಪಿಗ್‌ಗೂ ಒಳ್ಳೆಯ ಮೇವು. ನೆರಳಲ್ಲಿ ಚೆನ್ನಾಗಿ ಒಣಗಿಸಿದ, ಬೂಸರಿಲ್ಲದ, ಹಸಿರು ಬಣ್ಣ ಪೂರ್ತಿ ಹೋಗಿರದ ಹುಲ್ಲು ಇನ್ನೂ ಮೇಲು. ಒಂದೇ ಎಚ್ಚರಿಕೆ: ಹತ್ತಿಗೋ ತರಕಾರಿಗೋ ಔಷಧ ಹೊಡೆದ ಹೊಲದ ಬದುವಿನದು ಬೇಡ. ಎತ್ತು ತಡೆದುಕೊಂಡ ವಿಷವನ್ನು ಒಂದು ಕಿಲೋ ತೂಕದ ಜೀವ ತಡೆಯಲಾರದು.

ಎಳೆ ಜೋಳದ ವಿಷಯವನ್ನು ಇಲ್ಲಿ ಹೇಳಲೇಬೇಕು. ಜೋಳದ ಎಳೆ ಪೈರಿನಲ್ಲಿ, ಕೊಯ್ದ ಮೇಲೆ ಬರುವ ಕೂಳೆಯ ಚಿಗುರಿನಲ್ಲಿ, ಬರದಲ್ಲಿ ಬಾಡಿದ ಗಿಡದಲ್ಲಿ ಸಯನೈಡ್ ಹುಟ್ಟಿಸುವ ಪದಾರ್ಥವಿದೆ. ಅದನ್ನು ಮೇಯ್ದು ದನ ಸತ್ತ ಕಥೆ ಈ ಸೀಮೆಯಲ್ಲಿ ಹೊಸದಲ್ಲ. ಹಚ್ಚಗೆ ಕಂಡಿತೆಂದು ಮಕ್ಕಳು ಅದನ್ನು ಕಿತ್ತು ತರದಂತೆ ಹಿರಿಯರು ಹೇಳಿಕೊಡಬೇಕು. ಕುದುರೆ ಮೆಂತ್ಯ ಪೌಷ್ಟಿಕವೇನೋ ಹೌದು. ಆದರೆ ಸುಣ್ಣದ ಅಂಶ ಬಹಳ. ಬೆಳೆದ ಗಿನಿಪಿಗ್‌ಗೆ ದಿನವೂ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಮರಿಗೂ ಬಾಣಂತಿಗೂ ಅದು ಸರಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಅನ್ನ, ರೊಟ್ಟಿ, ಹಾಲು, ಮೊಸರು, ಚಾಕೊಲೇಟು ಇವು ಯಾವುವೂ ಅದರ ಆಹಾರವಲ್ಲ.

ಕಡಿಯಲೆಂದು ಕಟ್ಟಿಗೆಯ ತುಂಡು, ಖನಿಜದ ಕಲ್ಲು ಇಟ್ಟರೆ ಹಲ್ಲು ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕಟ್ಟಿಗೆ ಸವೆಸಿದರೆ ಸವೆಸುವುದು ಮುಂದಿನ ಬಾಚಿಹಲ್ಲನ್ನು. ತೊಂದರೆ ಕೊಡುವ ದವಡೆ ಹಲ್ಲಿಗೆ ಅದು ತಲುಪುವುದೇ ಇಲ್ಲ. ಅಲ್ಲಿಗೆ ತಲುಪುವುದು ಹುಲ್ಲು ಮಾತ್ರ.

ಹಲ್ಲು ಕೆಟ್ಟ ಮೇಲಿನ ಊಟ

ಹಲ್ಲಿನ ತೊಂದರೆ ಇದೆ ಎಂದು ವೈದ್ಯರು ಹೇಳಿದ ಮೇಲೆ, ಚಿಕಿತ್ಸೆ ನಡೆಯುವ ಮುಂಚೆಯೂ ನಡೆದ ಕೆಲವು ದಿನವೂ, ಪ್ರಾಣಿ ತಾನಾಗಿ ಸಾಕಷ್ಟು ತಿನ್ನಲಾರದು. ಆಗ ಎರಡು ರೀತಿಯ ನೆರವು ಬೇಕು.

ಒಂದು, ತಾನೇ ತಿನ್ನುವುದನ್ನು ಸುಲಭ ಮಾಡುವುದು. ಗಜ್ಜರಿ, ಸೌತೆಕಾಯಿ, ದೊಣ್ಣೆ ಮೆಣಸಿನಕಾಯಿಗಳನ್ನು ಬೆಂಕಿಕಡ್ಡಿಯಂತೆ ಉದ್ದುದ್ದ, ತೆಳ್ಳಗೆ ಹೆಚ್ಚಿದರೆ ಬಾಚಿಹಲ್ಲಿನಿಂದ ಕಡಿಯುವ ಶ್ರಮ ತಪ್ಪುತ್ತದೆ. ಸೊಪ್ಪಿನ ಗಟ್ಟಿ ದಂಟು ತೆಗೆಯಬೇಕು. ಕರಿಕೆಯ ಎಳೆ ತುದಿಗಳನ್ನು ಆರಿಸಿ ಇಡಬೇಕು. ಮೆತ್ತಗಿನ ಊಟ ಕೊಡುತ್ತಿದ್ದೇವೆಂದು ಹುಲ್ಲನ್ನು ತೆಗೆದುಬಿಡಬಾರದು. ಹತ್ತು ಎಳೆ ಅಗಿದರೂ ಹಲ್ಲಿಗೆ ಅಷ್ಟು ವ್ಯಾಯಾಮವಾಯಿತು.

ಎರಡು, ಸೂಜಿಯಿಲ್ಲದ ಸಿರಿಂಜಿನಿಂದ ತಿನ್ನಿಸುವುದು. ಗಿನಿಪಿಗ್‌ಗೆಂದೇ ಮಾಡಿದ ಹುಲ್ಲಿನ ಗುಳಿಗೆಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮಿಕ್ಸರಿನಲ್ಲಿ ನುಣ್ಣಗೆ ಅರೆದು ಅಂಬಲಿಯ ಹದಕ್ಕೆ ತರಬೇಕು. ಕಾಯಿಲೆಯ ಪ್ರಾಣಿಗೆಂದು ಸಿದ್ಧವಾಗಿ ಬರುವ ನಾರಿನ ಪುಡಿಯೂ ಸಿಗುತ್ತದೆ, ವೈದ್ಯರು ಸೂಚಿಸಬಲ್ಲರು. ಜೋಳದ ಅಂಬಲಿ, ಮಕ್ಕಳ ಡಬ್ಬಿಹಾಲು ಇದಕ್ಕೆ ಬದಲಿಯಲ್ಲ. ಅದರ ಕರುಳಿಗೆ ಬೇಕಾದದ್ದು ನಾರು, ಪಿಷ್ಟವಲ್ಲ.

ತಿನ್ನಿಸುವ ಕ್ರಮವೂ ಮುಖ್ಯ. ಪ್ರಾಣಿಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಸಹಜವಾಗಿ ಕೂರಿಸಬೇಕು. ಮಗುವಿನಂತೆ ಅಂಗಾತ ಮಲಗಿಸಿದರೆ ಆಹಾರ ಶ್ವಾಸನಾಳಕ್ಕೆ ಹೋಗಿ ಪ್ರಾಣಕ್ಕೆ ಸಂಚಕಾರ. ಬಾಚಿಹಲ್ಲಿನ ಹಿಂದೆ ಖಾಲಿ ಜಾಗವಿದೆ ಎಂದು ಮೊದಲೇ ಹೇಳಿತಷ್ಟೆ, ಬಾಯಿಯ ಪಕ್ಕದಿಂದ ಅಲ್ಲಿಗೆ ಸಿರಿಂಜಿನ ತುದಿಯನ್ನು ಇಡಬೇಕು. ಒಂದು ಸಲಕ್ಕೆ ಅರ್ಧ ಮಿಲಿಲೀಟರ್. ಅದು ಅಗಿದು ನುಂಗುವವರೆಗೆ ತಾಳ್ಮೆಯಿಂದ ಕಾಯಬೇಕು, ಆಮೇಲೆ ಇನ್ನರ್ಧ. ಒಂದೊಂದು ಊಟಕ್ಕೆ ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ. ದಿನಕ್ಕೆ 4 ರಿಂದ 6 ಊಟ. ಒಟ್ಟು ಎಷ್ಟೆಂಬುದನ್ನು ತೂಕ ನೋಡಿ ವೈದ್ಯರು ಹೇಳಬೇಕು. ಈ ಅವಧಿಯಲ್ಲಿ ತೂಕವನ್ನು ದಿನವೂ ನೋಡಬೇಕು.

ಮುಗಿದ ಮೇಲೆ ಗದ್ದವನ್ನು ಒದ್ದೆ ಬಟ್ಟೆಯಿಂದ ಒರಸಿ ಒಣಗಿಸಬೇಕು. ಜೊಲ್ಲಿನಲ್ಲಿ ನೆನೆದ ಚರ್ಮ ಬೇಗ ಹುಣ್ಣಾಗುತ್ತದೆ. ಸಂಗಾತಿ ಗಿನಿಪಿಗ್ ಇದ್ದರೆ ಪೂರ್ತಿ ಬೇರ್ಪಡಿಸಬಾರದು. ನಡುವೆ ಜಾಲರಿ ಇಟ್ಟರೆ ಯಾವುದು ಎಷ್ಟು ತಿಂದಿತೆಂದು ತಿಳಿಯುತ್ತದೆ, ಒಂಟಿತನವೂ ಕಾಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೆಳಗೆ ಪಂಜರ ಇಡುವಂತಿಲ್ಲ. ತಂಪು ಬೆಟ್ಟದ ಈ ಪ್ರಾಣಿಗೆ ಬೇಗ ಝಳ ಬಡಿಯುತ್ತದೆ.

ಮನೆಯ ಔಷಧಿ ಡಬ್ಬಿ ತೆರೆಯಬೇಡಿ

ಮಗುವಿಗೆ ಜ್ವರ, ಗಂಟಲುನೋವು ಬಂದಾಗ ತಂದು ಉಳಿದ ಅಮಾಕ್ಸಿಸಿಲಿನ್ ಔಷಧಿಯ ಬಾಟಲಿ ಅನೇಕ ಮನೆಗಳಲ್ಲಿರುತ್ತದೆ. ‘ಕೀವು ಆಗಿದೆ, ನಾಲ್ಕು ಹನಿ ಹಾಕಿದರಾಯಿತು’ ಎಂದು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟುಬಿಡುವವರಿದ್ದಾರೆ. ಗಿನಿಪಿಗ್‌ಗೆ ಅದು ವಿಷಕ್ಕೆ ಸಮಾನ. ಹುಲ್ಲನ್ನು ಜೀರ್ಣಿಸುವುದು ಅದರ ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳು. ಪೆನಿಸಿಲಿನ್ ಜಾತಿಯ ಔಷಧಿ ಹೊಟ್ಟೆಗೆ ಹೋದರೆ ಅವು ಸಾಯುತ್ತವೆ, ಆ ಜಾಗದಲ್ಲಿ ವಿಷ ಉತ್ಪಾದಿಸುವ ಕೆಟ್ಟ ಜೀವಿಗಳು ಬೆಳೆಯುತ್ತವೆ. ಕೆಲವೇ ದಿನಗಳಲ್ಲಿ ಭೇದಿಯಾಗಿ ಪ್ರಾಣ ಹೋಗುತ್ತದೆ. ಆಂಪಿಸಿಲಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್ ಕೂಡ ಈ ಪಟ್ಟಿಯಲ್ಲಿವೆ.

ಈ ಸಂಗತಿ ವಿಜ್ಞಾನಿಗಳಿಗೆ ತಿಳಿದದ್ದು 1943ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1940ರ ಮೇ 25ರಂದು, ಆಕ್ಸ್‌ಫರ್ಡ್‌ನಲ್ಲಿ ಹೋವರ್ಡ್ ಫ್ಲೋರಿಯವರ ತಂಡ ಎಂಟು ಸುಂಡಿಲಿಗಳಿಗೆ ಮಾರಕ ಸೋಂಕು ತಗುಲಿಸಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟಿತು. ಔಷಧಿ ಪಡೆದವು ಮರುದಿನ ಬದುಕಿದ್ದವು, ಉಳಿದವು ಸತ್ತಿದ್ದವು. ಅಂದು ಸುಂಡಿಲಿಯ ಬದಲು ಗಿನಿಪಿಗ್ ಆರಿಸಿಕೊಂಡಿದ್ದರೆ ಪೆನಿಸಿಲಿನ್ ಅಪಾಯಕಾರಿ ಎಂದು ಮೂಲೆಗುಂಪಾಗುವ ಸಂಭವವಿತ್ತು! ಒಂದು ಜೀವಿಗೆ ಅಮೃತವಾದದ್ದು ಇನ್ನೊಂದಕ್ಕೆ ವಿಷವಾಗಬಹುದು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅಂತೆಯೇ ಉಗುರು ಕತ್ತರಿಯಿಂದ ಹಲ್ಲು ಕತ್ತರಿಸುವ ಸಾಹಸವೂ ಬೇಡ. ಹಲ್ಲು ಉದ್ದಕ್ಕೆ ಸೀಳಿ, ಸೀಳು ಬುಡದವರೆಗೆ ಹೋಗಿ ಕೀವು ತುಂಬುತ್ತದೆ.

ವೈದ್ಯರ ಬಳಿಗೆ

ತಾಲೂಕಿನ ಪಶು ಆಸ್ಪತ್ರೆಯ ದಿನನಿತ್ಯದ ಕೆಲಸ ದನ, ಎಮ್ಮೆ, ಕುರಿಗಳದು. ಆದರೂ ಮೊದಲು ಅಲ್ಲಿಗೇ ಹೋಗುವುದು ಸರಿ. ನಿರ್ಜಲತೆಗೆ, ನೋವಿಗೆ ಅಲ್ಲಿ ಚಿಕಿತ್ಸೆ ಸಿಗಬಹುದು, ಮುಂದೆ ಎಲ್ಲಿಗೆ ಹೋಗಬೇಕೆಂಬ ದಾರಿಯೂ ಸಿಗುತ್ತದೆ. ದವಡೆ ಹಲ್ಲು ಸರಿಪಡಿಸಲು ಅರಿವಳಿಕೆ ಬೇಕು, ತಲೆಯ ಎಕ್ಸ್-ರೇ ಬೇಕು, ಆ ಪುಟ್ಟ ಬಾಯಿಗೆ ತಕ್ಕ ಸಲಕರಣೆ ಬೇಕು. ಇವು ಇರುವುದು ದೊಡ್ಡ ಊರುಗಳ ಸಾಕುಪ್ರಾಣಿ ಚಿಕಿತ್ಸಾಲಯಗಳಲ್ಲಿ ಮತ್ತು ಪಶುವೈದ್ಯಕೀಯ ಕಾಲೇಜುಗಳಲ್ಲಿ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಕಾಲೇಜು ಅವುಗಳಲ್ಲಿ ಹಳೆಯದು. ಹೊರಡುವ ಮುನ್ನ ದೂರವಾಣಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಮೊಲ ಅಥವಾ ಗಿನಿಪಿಗ್‌ಗೆ ಅರಿವಳಿಕೆ ಕೊಟ್ಟು ಹಲ್ಲು ಸರಿಪಡಿಸಿದ ಅನುಭವ ಇದೆಯೆ?’

ನಾಯಿ, ಬೆಕ್ಕಿಗೆ ಹೇಳುವಂತೆ ರಾತ್ರಿಯಿಡೀ ಉಪವಾಸ ಹಾಕಿ ಕರೆದೊಯ್ಯಬಾರದು. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ, ಖಾಲಿ ಕರುಳು ಅದಕ್ಕೆ ಅಪಾಯ. ಎಷ್ಟು ಹೊತ್ತು ಮೊದಲು ಊಟ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಬೇಕು.

ಹುಲ್ಲಿನ ಕೊರತೆಯಿಂದ ಆದ ತೊಂದರೆ ಬೇಗ ಗೊತ್ತಾದರೆ, ಹಲ್ಲು ಸರಿಪಡಿಸಿ ಮೇವು ಬದಲಿಸಿದ ಮೇಲೆ ಸುಧಾರಿಸುವ ಪ್ರಾಣಿಗಳಿವೆ. ಹಲ್ಲು ಬುಡದಿಂದಲೇ ಬಾಗಿದ್ದರೆ ಕೆಲವು ವಾರಗಳಿಗೊಮ್ಮೆ ಮತ್ತೆ ಮತ್ತೆ ಅದೇ ಚಿಕಿತ್ಸೆ, ಜೀವವಿರುವವರೆಗೆ. ಪ್ರತಿ ಸಲವೂ ಅರಿವಳಿಕೆಯ ಅಪಾಯ, ಖರ್ಚು, ಪ್ರಯಾಣ. ಕೊನೆಗೆ ನೋವಿಲ್ಲದ ಸಾವನ್ನು ಕೊಡುವುದೇ ದಯೆ ಎಂದು ವೈದ್ಯರು ಹೇಳುವ ದಿನವೂ ಬರಬಹುದು. ಅಂಥ ಹೊತ್ತಿನಲ್ಲಿ ಮಕ್ಕಳಿಗೆ ‘ಓಡಿಹೋಯಿತು’ ಎಂದು ಸುಳ್ಳು ಹೇಳುವುದಕ್ಕಿಂತ ಆಲೇಖದ ಗೆರೆಯನ್ನು ಮುಂದಿಟ್ಟುಕೊಂಡು ನಿಜ ಹೇಳುವುದು ಲೇಸು. ವಾರವಾರವೂ ತೂಕ ಬರೆದ ಮಗುವಿಗೆ ಆ ಗೆರೆ ಅರ್ಥವಾಗುತ್ತದೆ. ಹಲ್ಲಿನ ದೋಷ ಕೆಲವೊಮ್ಮೆ ವಂಶದಲ್ಲಿ ಹರಿಯುವುದರಿಂದ ಅಂಥ ಪ್ರಾಣಿಯಿಂದ ಮರಿ ಮಾಡಿಸಬಾರದು.

ಗಿನಿಪಿಗ್ ಬೇಕೆಂದು ಮಗು ಹಟ ಹಿಡಿದರೆ ತಂದೆತಾಯಿಯರು ಬೇಡ ಎನ್ನಬೇಕಾಗಿಲ್ಲ, ಆ ದಿನವೇ ತರಬೇಕಾಗಿಯೂ ಇಲ್ಲ. ಮೊದಲು ಒಂದು ತಿಂಗಳು ದಿನವೂ ಹುಲ್ಲು ತಂದು ಒಣಗಿಸಿ ಪೆಂಡಿ ಕಟ್ಟಿಡಲು ಹೇಳಿ ನೋಡಲಿ. ಹುಲ್ಲಿನ ಪೆಂಡಿ, ಗ್ರಾಂ ತೋರಿಸುವ ತಕ್ಕಡಿ, ಗಿನಿಪಿಗ್ ನೋಡಬಲ್ಲ ವೈದ್ಯರ ದೂರವಾಣಿ ಸಂಖ್ಯೆ, ಈ ಮೂರೂ ಮನೆಗೆ ಬಂದ ಮೇಲೆ ಪ್ರಾಣಿ ಬರಲಿ.